ಉಗ್ರಾದಿತ್ಯನ ನೀರಿನ ಪರೀಕ್ಷೆ

ಒಂಬತ್ತನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯ ತನ್ನ ‘ಕಲ್ಯಾಣಕಾರಕ’ದ ಐದನೆಯ ಪರಿಚ್ಛೇದವನ್ನು ಅನ್ನಪಾನದ ವಿಚಾರಕ್ಕೆ ಮೀಸಲಿಟ್ಟಿದ್ದಾನೆ. ಅಲ್ಲಿ ಅನ್ನಕ್ಕಿಂತ ಮೊದಲು ನೀರು ಬರುತ್ತದೆ, ನೀರಿಗಿಂತ ಮೊದಲು ನೆಲ ಬರುತ್ತದೆ. ನೆಲ ಎಂಥದು, ಅದರಲ್ಲಿ ಸಿಗುವ ನೀರಿನ ರುಚಿ ಯಾವುದು, ಅದು ಕುಡಿಯಲು ಯೋಗ್ಯವೋ ಅಲ್ಲವೋ, ಅಲ್ಲದಿದ್ದರೆ ಸರಿಮಾಡುವುದು ಹೇಗೆ ಎಂಬ ಕ್ರಮದಲ್ಲಿ ಅವನ ಮಾತು ಸಾಗುತ್ತದೆ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಆಯುರ್ವೇದ ವೃತ್ತಿ ಮಾಡಿಕೊಂಡಿರುವ ನನಗೆ ಆ ಪುಟಗಳು ದಿನನಿತ್ಯದ ಕೆಲಸಕ್ಕೆ ಬೇಕಾದವು. ಅರಸೀಕೆರೆ ಕಡೆಯಿಂದ ಮಂಡಿನೋವು, ಸೊಂಟನೋವು ಎಂದು ಬಂದವರ ನಾಡಿ ಹಿಡಿಯುವ ಮೊದಲೇ ನಾನು ಕೇಳುವುದು, ‘ಮನೇಲಿ ಕುಡಿಯೋಕೆ ಎಲ್ಲಿಯ ನೀರು?’ ಎಂದು. ಈ ಪ್ರಶ್ನೆಯನ್ನು ನಾನು ಕಲಿತದ್ದು ಉಗ್ರಾದಿತ್ಯನಿಂದ. ಇಂದು ಯಾವ ಆಸ್ಪತ್ರೆಯ ಚೀಟಿಯಲ್ಲೂ ಆ ಪ್ರಶ್ನೆಗೆ ಒಂದು ಸಾಲಿನ ಜಾಗವಿಲ್ಲ. ಇರಬೇಕು ಎಂಬುದೇ ಈ ಬರಹದ ಒಟ್ಟು ಮಾತು.

ಉಗ್ರಾದಿತ್ಯ ದಿಗಂಬರ ಮುನಿ. ಶ್ರೀನಂದಿ ಎಂಬವರು ಅವನ ಗುರು. ರಾಮಗಿರಿ ಎಂಬ ಬೆಟ್ಟದ ಜಿನಾಲಯದಲ್ಲಿ ಕುಳಿತು ಸಂಸ್ಕೃತ ಪದ್ಯಗಳಲ್ಲಿ ಈ ವೈದ್ಯಗ್ರಂಥವನ್ನು ಬರೆದ. ಇಪ್ಪತ್ತೈದು ಪರಿಚ್ಛೇದಗಳು, ಕೊನೆಗೆ ಪರಿಶಿಷ್ಟಗಳು. ಮಾಂಸಾಹಾರ ದೇಹಕ್ಕೆ ಬೇಕಿಲ್ಲ ಎಂದು ವಾದಿಸುವ ‘ಹಿತಾಹಿತ’ ಎಂಬ ಪರಿಶಿಷ್ಟವನ್ನು ನೃಪತುಂಗನ ಸಭೆಯಲ್ಲಿ, ವೈದ್ಯರ ವಿದ್ವಾಂಸರ ಎದುರು ಮಂಡಿಸಿದ್ದಾಗಿ ಹೇಳಿದ್ದಾನೆ. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ 814ರಿಂದ 878. ತಾನು ಹೊಸದನ್ನು ಹುಟ್ಟಿಸುತ್ತಿಲ್ಲ, ಸಮಂತಭದ್ರ, ಪೂಜ್ಯಪಾದ ಮೊದಲಾದ ಹಿರಿಯರು ಹೇಳಿದ್ದನ್ನು ಸಂಗ್ರಹಿಸುತ್ತಿದ್ದೇನೆ ಎಂದು ವಿನಯದಿಂದ ಒಪ್ಪಿಕೊಂಡಿದ್ದಾನೆ. ಶತಮಾನಗಳ ಕಾಲ ಓಲೆಗರಿಗಳಲ್ಲಿ ಉಳಿದಿದ್ದ ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಸೋಲಾಪುರದಲ್ಲಿ ಹಿಂದಿ ಅನುವಾದದೊಂದಿಗೆ ಅಚ್ಚುಹಾಕಿಸಿದರು. ಅವರು ಆ ಶ್ರಮ ಪಡದಿದ್ದರೆ ನನ್ನಂಥವನ ಕೈಗೆ ಅದು ಸಿಗುತ್ತಲೇ ಇರಲಿಲ್ಲ.

ಈ ವೈದ್ಯಪರಂಪರೆ ಕನ್ನಡಕ್ಕೂ ಇಳಿದು ಬಂತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯವನ್ನು ‘ಕರ್ಣಾಟಕ ಕಲ್ಯಾಣಕಾರಕ’ ಎಂದು ಕನ್ನಡಿಸಿದ. ಹದಿನಾಲ್ಕನೆಯ ಶತಮಾನದಲ್ಲಿ ಹೊಯ್ಸಳ ನಾಡಿನ ದೇವಳಿಗೆಯ ಮುಗುಳಿಪುರದ ಒಡೆಯ ಮಂಗರಾಜ ‘ಖಗೇಂದ್ರಮಣಿದರ್ಪಣ’ ಬರೆದ. ಅದು ವಿಷಚಿಕಿತ್ಸೆಯ ಗ್ರಂಥ. ಹಾವು ಚೇಳುಗಳ ವಿಷ ಒಂದು ಕಡೆ, ಗಿಡ ಬೇರು ಖನಿಜಗಳಿಂದ ಬರುವ ವಿಷ ಇನ್ನೊಂದು ಕಡೆ ಎಂದು ವಿಂಗಡಿಸಿ ಚಿಕಿತ್ಸೆ ಹೇಳುತ್ತದೆ. ಕಲ್ಲುಮಣ್ಣುಗಳಲ್ಲಿಯೂ ಮದ್ದಿದೆ, ವಿಷವೂ ಇದೆ ಎಂಬ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ ಎಂಬುದಕ್ಕೆ ಮಂಗರಾಜನೇ ಸಾಕ್ಷಿ.

ಬಸ್ತಿಹಳ್ಳಿಗೆ ಬಂದವರು ಹೊಯ್ಸಳೇಶ್ವರ ದೇವಾಲಯ ನೋಡಿ, ಸಮಯ ಉಳಿದರೆ ಇಲ್ಲಿಯ ಮೂರು ಬಸದಿಗಳತ್ತ ಬರುತ್ತಾರೆ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ. ಒಳಗಿನ ಕಂಬಗಳಿಗೆ ಎಂಥ ನಯಗೆಲಸವಾಗಿದೆಯೆಂದರೆ ಇಂದಿಗೂ ಅವುಗಳ ಮೈಯಲ್ಲಿ ಮುಖ ಕಾಣುತ್ತದೆ. ಪ್ರತಿಷ್ಠೆಯಾದ ಮೇಲೆ ಇಲ್ಲಿಯ ಅರ್ಚಕರು ಗಂಧೋದಕ ಶೇಷೆಗಳನ್ನು ಹೊತ್ತು ಬಂಕಾಪುರದ ಬೀಡಿನಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಯುದ್ಧದ ಗೆಲುವು, ಮಗ ಹುಟ್ಟಿದ ಸುದ್ದಿ ಎರಡೂ ಕೂಡಿಬಂದಿದ್ದ ಹೊತ್ತು. ರಾಜ ಸಂತೋಷದಿಂದ ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ ಸಂಗತಿ ಬಸದಿಯ ಶಾಸನದಲ್ಲಿದೆ. ಶಾಂತಿನಾಥ ಬಸದಿ ಅದೇ ಶತಮಾನದ ಕೊನೆಯ, ಎರಡನೆಯ ಬಲ್ಲಾಳನ ಕಾಲದ್ದು. ಹೊಯ್ಸಳರ ಈ ರಾಜಧಾನಿಗೆ ದೋರಸಮುದ್ರ ಎಂಬ ಹೆಸರು ಬಂದದ್ದು ಕೆರೆಯಿಂದ. ಹೀಗೆ ಕೆರೆಯ ದಂಡೆಯಲ್ಲಿ ಬೆಳೆದ ಈ ಊರಿನ ಜೈನ ಕೇರಿಗಳಲ್ಲಿ ನೀರಿನ ಶಿಸ್ತು ಧರ್ಮವೂ ಹೌದು, ವೈದ್ಯವೂ ಹೌದು.

ಆ ಶಿಸ್ತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶ್ರಾವಕರ ಮನೆಯಲ್ಲಿ ನೀರು ಸೋಸದೆ ಕುಡಿಯುವಂತಿಲ್ಲ. ಸೋಸುವ ಬಟ್ಟೆಗೂ ಅಳತೆಯಿದೆ: ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ಒತ್ತು ನೇಯ್ಗೆಯ ಹತ್ತಿ ಬಟ್ಟೆ, ಎರಡು ಪದರ ಮಡಿಸಬೇಕು. ಬಿಂದಿಗೆಯ ಬಾಯಿಗೆ ಅದನ್ನು ಇಳಿಬಿಟ್ಟು ನೀರು ಹೊಯ್ಯುತ್ತಾರೆ. ಸೋಸಿದ ಮೇಲೆ ಬಟ್ಟೆಯನ್ನು ಕೊಡವಿ ಎಸೆಯುವಂತಿಲ್ಲ. ಸೋಸಿದ ನೀರನ್ನೇ ಅದರ ಮಗ್ಗುಲಿಗೆ ಹೊಯ್ದು, ಅಂಟಿಕೊಂಡ ಜೀವಗಳು ತಾವು ಬಂದ ಬಾವಿಗೇ ಮರಳುವಂತೆ ಬಿಡಬೇಕು. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೆ ಬಿಡುವುದೂ ತಪ್ಪು. ಸೋಸಿದ ನೀರಿನ ಆಯುಸ್ಸು ಎರಡು ಗಳಿಗೆ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ ಇಪ್ಪತ್ತನಾಲ್ಕು ಗಂಟೆ. ಅದಾದ ಮೇಲೆ ಮತ್ತೆ ಹೊಸ ನೀರು. ನನಗೆ ಪರಿಚಯದ ಹಿರಿಯ ತಾಯಿಯೊಬ್ಬರು ಇಂದಿಗೂ ನಲ್ಲಿಯ ಬಾಯಿಗೆ ಬಿಳಿ ಬಟ್ಟೆಯ ಚೀಲ ಕಟ್ಟದೆ ಅಡುಗೆಮನೆಯ ಕೆಲಸ ಶುರುಮಾಡುವುದಿಲ್ಲ.

ಇದರ ಮೂಲ ಅಹಿಂಸೆ. ಫಲ ಮಾತ್ರ ಆರೋಗ್ಯಕ್ಕೂ ಸಲ್ಲುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್‌ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಹತ್ತಿ ಸೀರೆಯನ್ನು ಹಲವು ಪದರ ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇ 48ರಷ್ಟು ಇಳಿಯಿತು. ಕಾಲರಾ ರೋಗಾಣು ನೀರಿನ ಸೂಕ್ಷ್ಮ ಹುಳುಗಳಿಗೆ ಅಂಟಿಕೊಂಡಿರುತ್ತದೆ. ಹುಳು ಬಟ್ಟೆಯಲ್ಲಿ ನಿಂತರೆ ರೋಗಾಣುವೂ ನಿಲ್ಲುತ್ತದೆ.

ಈಗ ಉಗ್ರಾದಿತ್ಯನ ನೆಲದ ಪಾಠಕ್ಕೆ ಬರೋಣ. ಪಂಚಭೂತಗಳ ಲೆಕ್ಕದಲ್ಲಿ ಅವನು ನೆಲವನ್ನು ಐದು ಬಗೆ ಮಾಡುತ್ತಾನೆ. ಈ ವಿಂಗಡಣೆಯ ಹಳೆಯ ರೂಪ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿದೆ. ಕಲ್ಲು ತುಂಬಿದ, ಗಟ್ಟಿಯಾದ, ಕಪ್ಪು ಛಾಯೆಯ ನೆಲದಲ್ಲಿ ಪೃಥ್ವೀಗುಣ ಹೆಚ್ಚು. ಅಲ್ಲಿಯ ನೀರಿಗೆ ಹುಳಿ ಇಲ್ಲವೇ ಉಪ್ಪು ರುಚಿ. ತಂಪಾದ, ಹಸಿರು ತುಂಬಿದ ನೆಲದಲ್ಲಿ ಜಲಗುಣ; ನೀರು ಸಿಹಿ. ಬಣ್ಣಬಣ್ಣದ ಹಗುರ ಕಲ್ಲುಗಳ, ವಿರಳ ಗಿಡಗಳ ನೆಲದಲ್ಲಿ ಅಗ್ನಿಗುಣ. ನೀರು ಖಾರ ಕಹಿ. ಬೂದಿಬಣ್ಣದ ಒಣನೆಲದಲ್ಲಿ ವಾಯುಗುಣ, ನೀರು ಒಗರು. ಮೆತ್ತಗಿನ, ಸಮತಟ್ಟಾದ ನೆಲದಲ್ಲಿ ಆಕಾಶಗುಣ. ನೀರಿಗೆ ಎದ್ದು ಕಾಣುವ ರುಚಿಯೇ ಇಲ್ಲ. ರುಚಿಯಿಲ್ಲದ ಈ ನೀರೇ ಉತ್ತಮ, ಮಳೆನೀರಿಗೆ ಹತ್ತಿರವಾದದ್ದು. ಮಣ್ಣಿನ ಬಣ್ಣವೊಂದನ್ನೇ ನೋಡಿ ನೀರಿನ ರುಚಿ ಹೇಳುವವರ ಮತವನ್ನು ಸುಶ್ರುತ ಎತ್ತಿಹೇಳಿ ತಳ್ಳಿಹಾಕುತ್ತಾನೆ. ಬಣ್ಣ ಸಾಲದು, ನೆಲದ ಒಟ್ಟು ಗುಣ ನೋಡಬೇಕು ಎಂಬುದು ಅವನ ವಾದ. ರಸಾಯನಶಾಸ್ತ್ರದ ಹೆಸರುಗಳು ಇಲ್ಲಿಲ್ಲ. ಆದರೆ ನೀರು ತಾನು ಹಾದುಬಂದ ನೆಲವನ್ನು ಕರಗಿಸಿಕೊಂಡು ಬರುತ್ತದೆ ಎಂಬ ಮೂಲ ತತ್ವ ಪೂರ್ತಿಯಾಗಿ ಇದೆ.

ನೀರಿನ ಮೂಲಕ್ಕೂ ಬೇರೆ ಬೇರೆ ಗುಣ ಹೇಳಿದೆ. ಸೇದುವ ಬಾವಿಯ ನೀರಿಗೆ ಸ್ವಲ್ಪ ಕ್ಷಾರ, ಕಫ ಇಳಿಸುತ್ತದೆ, ಪಿತ್ತ ಏರಿಸುತ್ತದೆ. ಮೆಟ್ಟಿಲುಬಾವಿಯ ನೀರೂ ಕ್ಷಾರವೇ. ಬೆಟ್ಟದ ಝರಿಯ ನೀರು ಹಗುರ, ಹಸಿವು ಹೆಚ್ಚಿಸುತ್ತದೆ. ಕೆರೆಯ ನೀರು ಸಿಹಿಯೊಂದಿಗೆ ಒಗರು, ವಾತಕರ.

ನನ್ನ ಮಟ್ಟಿಗೆ ಈ ಅಧ್ಯಾಯದ ತಿರುಳೆಂದರೆ ನೀರಿನ ಆರು ದೋಷಗಳು. ಸ್ಪರ್ಶದೋಷ: ನೀರು ಒರಟು, ಲೋಳೆ, ಹಲ್ಲು ಜುಮ್ಮೆನ್ನಿಸುವಂಥದು. ರೂಪದೋಷ: ಕೆಸರು, ಮರಳು, ಪಾಚಿ, ಬಣ್ಣ. ಗಂಧದೋಷ: ಕೆಟ್ಟ ವಾಸನೆ. ರಸದೋಷ: ನಾಲಗೆಗೆ ಎದ್ದು ಹತ್ತುವ ರುಚಿ. ವೀರ್ಯದೋಷ: ಕುಡಿದ ಮೇಲೆ ಬಾಯಾರಿಕೆ, ಹೊಟ್ಟೆಭಾರ, ಶೂಲೆ. ವಿಪಾಕದೋಷ: ತಡವಾಗಿ ಜೀರ್ಣವಾಗುವುದು, ಕಟ್ಟಿಕೊಳ್ಳುವುದು. ಮೊದಲ ನಾಲ್ಕನ್ನು ಕೈ, ಕಣ್ಣು, ಮೂಗು, ನಾಲಗೆ ಹಿಡಿಯುತ್ತವೆ. ಕೊನೆಯ ಎರಡನ್ನು ಯಾವ ಇಂದ್ರಿಯವೂ ಹಿಡಿಯಲಾರದು. ನೀರು ದೇಹದೊಳಗೆ ಹೋಗಿ ತನ್ನ ಕೆಲಸ ತೋರಿಸಿದ ಮೇಲಷ್ಟೇ ಅವು ಗೊತ್ತಾಗುತ್ತವೆ. ತಿಳಿಯಾಗಿ, ತಂಪಾಗಿ, ರುಚಿಯಾಗಿ ಕಂಡ ನೀರೂ ಕೆಟ್ಟದ್ದಾಗಿರಬಹುದು ಎಂದು ಸಾವಿರ ವರ್ಷಕ್ಕೂ ಹಿಂದಿನ ಈ ವೈದ್ಯರು ಶಾಸ್ತ್ರದಲ್ಲೇ ಬರೆದಿಟ್ಟರು. ನಮ್ಮ ಹಳ್ಳಿಯ ಹೆಂಗಸರಿಗೆ ಈ ಜ್ಞಾನ ಒಲೆಯ ಮುಂದೆಯೇ ಬಂದಿದೆ. ‘ಬೋರಿನ ನೀರಲ್ಲಿ ತೊಗರಿಬೇಳೆ ಬೇಯಲ್ಲ ಡಾಕ್ಟ್ರೇ, ಎಷ್ಟು ಕುಡುದ್ರೂ ದಾಹ ಹೋಗಲ್ಲ’ ಎಂದು ಅವರು ಹೇಳಿದಾಗ ಮೊದಲ ಮಾತು ಗಡಸು ನೀರಿನ ಸುಣ್ಣ, ಮೆಗ್ನೀಸಿಯಂಗಳ ಪರೀಕ್ಷೆ. ಎರಡನೆಯದು ಅಚ್ಚ ವೀರ್ಯದೋಷ.

ಶುದ್ಧಿಯ ವಿಧಾನಗಳಲ್ಲಿ ಒಂದನ್ನು ನಾನು ಇಂದಿಗೂ ಮಾಡಿ ತೋರಿಸುತ್ತೇನೆ. ಚಿಲ್ಲದ ಬೀಜ ಎಂದು ಗ್ರಂಥಿಗೆ ಅಂಗಡಿಯಲ್ಲಿ ಸಿಗುವ, ಗುಂಡಿಯಾಕಾರದ ಬೂದುಬಣ್ಣದ ಗಟ್ಟಿ ಬೀಜವೇ ಸಂಸ್ಕೃತದ ಕತಕ. ಒರಟು ಮಣ್ಣಿನ ಗಡಿಗೆಯ ಒಳಮೈಗೆ ನಾಲ್ಕು ಹನಿ ನೀರು ಹಾಕಿ ಬೀಜವನ್ನು ತೇಯಬೇಕು. ಗಂಧದಂಥ ತೆಳು ಲೇಪ ಕೂರುತ್ತದೆ. ಅದರ ಮೇಲೆ ಕೆರೆಯ ಕೆಂಪು ನೀರು ತುಂಬಿ, ಒಮ್ಮೆ ಕಲಕಿ, ಅಲುಗಿಸದೆ ಬಿಡಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ನೀರಿನಲ್ಲಿ ಸಣ್ಣ ಸಣ್ಣ ಮೋಡಗಳು ಕಟ್ಟುತ್ತವೆ, ಒಂದಕ್ಕೊಂದು ಸೇರಿ ಭಾರವಾಗುತ್ತವೆ, ತಳಕ್ಕೆ ಇಳಿಯುತ್ತವೆ. ಬೀಜದಲ್ಲಿರುವ ಪ್ರೋಟೀನು ಮತ್ತು ಅಂಟಿನ ಅಂಶಗಳು ಜೇಡಿಯ ಕಣಗಳನ್ನು ಒಂದುಗೂಡಿಸುವುದೇ ಇದಕ್ಕೆ ಕಾರಣ. ಪಟ್ಟಣದ ಜಲಶುದ್ಧೀಕರಣ ಘಟಕದಲ್ಲಿ ಪಟಿಕದಿಂದ ಆಗುವುದೂ ಇದೇ ಕೆಲಸ. ಸುಶ್ರುತ ಹೇಳಿದ ಏಳು ಶೋಧಕಗಳಲ್ಲಿ ಕತಕ ಮೊದಲನೆಯದು. ತಾವರೆ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು ಮೊದಲಾದವು ಉಳಿದವು. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇದೇ ಬೀಜವನ್ನು ಅಂಜನ, ಕೊನ್ನಾರಿ ಗೆಡ್ಡೆ, ಲಾವಂಚ, ನೆಲ್ಲಿಕಾಯಿಗಳ ಜೊತೆ ಪುಡಿಮಾಡಿ ಬಾವಿಗೆ ಹಾಕಿದರೆ ಕಹಿ, ಉಪ್ಪು, ಕೆಟ್ಟ ವಾಸನೆ ಹೋಗುತ್ತದೆ ಎಂದಿದ್ದಾನೆ.

ನಮ್ಮಲ್ಲಿ ಮಾತ್ರವಲ್ಲ, ವೈದ್ಯ ಹುಟ್ಟಿದ ಕಡೆಯಲ್ಲೆಲ್ಲ ಈ ಪ್ರಶ್ನೆಯೂ ಹುಟ್ಟಿದೆ. ಗ್ರೀಸಿನ ಹಿಪ್ಪೊಕ್ರೆಟಿಸ್‌ನ ಹೆಸರಿನಲ್ಲಿರುವ ‘ಗಾಳಿ, ನೀರು, ನೆಲ’ ಎಂಬ ಗ್ರಂಥ, ಹೊಸ ಊರಿಗೆ ಹೋದ ವೈದ್ಯ ಅಲ್ಲಿಯ ನೀರು ಜವುಗಿನದೋ, ಬಂಡೆಯ ಗಡಸು ನೀರೋ, ಉಪ್ಪೋ ಎಂದು ಮೊದಲು ತಿಳಿಯಬೇಕು ಎನ್ನುತ್ತದೆ. ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿ ನೀರಿನಲ್ಲಿರುವ ಭೇದಿಯ ಲವಣದ ಬಗ್ಗೆ ವೈದ್ಯ ನೆಹೆಮಿಯಾ ಗ್ರೂ 1695ರಲ್ಲಿ ಪುಸ್ತಕ ಬರೆದ. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಅದೇ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ಫ್ರೀಡ್ರಿಕ್ ಹಾಫ್‌ಮನ್ (1660–1742) ಊರೂರ ಊಟೆಗಳ ನೀರಿನ ಲವಣಗಳನ್ನು ವಿಂಗಡಿಸಿ ಯಾವುದು ಯಾವ ರೋಗಕ್ಕೆ ಎಂದು ಬರೆದ. ನಮ್ಮ ರಾಜ್ಯದಲ್ಲಿ ಅಂಥ ಔಷಧಿಯ ಊಟೆ ಎಂದು ಜನ ನಂಬಿಕೊಂಡು ಬಂದಿರುವುದು ಪುತ್ತೂರಿನ ಇರ್ದೆಯ ಬೆಂದ್ರ್ ತೀರ್ಥ. ಅಲ್ಲಿಯ ಬಿಸಿನೀರಿಗೆ ಗಂಧಕದ ವಾಸನೆ, ಚರ್ಮರೋಗದವರು ಮೀಯಲು ಹೋಗುತ್ತಾರೆ.

ನಮ್ಮ ಹಿರಿಯರು ಹೇಳಿದ್ದೆಲ್ಲವೂ ನಿಂತಿಲ್ಲ. ಸಹ್ಯಾದ್ರಿಯಲ್ಲಿ ಹುಟ್ಟುವ ನದಿಗಳ ನೀರು ಕುಷ್ಠ ತರುತ್ತದೆ ಎಂದು ಸುಶ್ರುತದಲ್ಲಿದೆ. ಯಗಚಿ, ಹೇಮಾವತಿ ಕುಡಿದು ಬೆಳೆದ ನಾವು ಅದನ್ನು ಒಪ್ಪಲಾಗದು. ಆದರೆ ಅದೇ ಸಾಲುಗಳಲ್ಲಿ, ಹಿಮಾಲಯದ ನದಿಗಳ ನೀರು ಗಳಗಂಡ ತರುತ್ತದೆ ಎಂದೂ ಇದೆ. ಹಿಮಾಲಯದ ತಪ್ಪಲಿನ ಮಣ್ಣು ನೀರುಗಳಲ್ಲಿ ಅಯೋಡಿನ್ ಕಡಿಮೆ, ಗಳಗಂಡಕ್ಕೆ ಅದೇ ಕಾರಣ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಕಾಂಗ್ಡಾ ಕಣಿವೆಯ ಪ್ರಯೋಗದಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ರೋಗ ಇಳಿಸಿ ತೋರಿಸಿದರು. ಊರಿಗೂ ರೋಗಕ್ಕೂ ನಂಟು ಹಚ್ಚಿದವರ ಕಣ್ಣು ಎಷ್ಟು ಚುರುಕಾಗಿತ್ತು ಎಂಬುದಕ್ಕೆ ಈ ಒಂದು ಉದಾಹರಣೆ ಸಾಕು.

ಅಂಥ ಕಣ್ಣು ಇಂದು ಬೇಕಾಗಿರುವುದು ನಮ್ಮ ಪಕ್ಕದ ಅರಸೀಕೆರೆಗೆ. ಆ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಜಿಲ್ಲೆಗೆಲ್ಲ ಗೊತ್ತು. ಗ್ರಾನೈಟ್ ಜಾತಿಯ ಗಟ್ಟಿ ಬಂಡೆಯ ಕಾಗೆಬಂಗಾರ, ಅಪಟೈಟ್ ಮೊದಲಾದ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ಮಳೆ ಕಡಿಮೆಯಾಗಿ, ಕೆರೆ ಬತ್ತಿ, ಬೋರು ಆಳಕ್ಕೆ ಹೋದಂತೆ ನಾವು ಕುಡಿಯುವುದು ಆ ಹಳೆಯ ನೀರನ್ನೇ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಅದಕ್ಕಿಂತ ಹೆಚ್ಚಿರುವ ನೀರು ಕುಡಿದರೆ ಹಲ್ಲಿನ ಮೇಲೆ ಸುಣ್ಣದ ಮಚ್ಚೆ, ಆಮೇಲೆ ಕಂದು ಪಟ್ಟಿ ಬೀಳುತ್ತದೆ, ಉಜ್ಜಿದರೆ ಹೋಗುವುದಿಲ್ಲ. ತೀರಾ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮೂಳೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯ ರೈತರಲ್ಲಿ ಈ ರೋಗವನ್ನು ಎಚ್. ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವರ್ಣಿಸಿ, ಕಾರಣ ಬಾವಿಯ ನೀರು ಎಂದು ತೋರಿಸಿದ್ದರು.

ಫ್ಲೋರೈಡ್ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ಹತ್ತುವ ರುಚಿಯಿಲ್ಲ. ಗಾಜಿನ ಲೋಟದಲ್ಲಿ ಕೆರೆಯ ನೀರಿಗಿಂತ ಸೊಗಸಾಗಿ ಕಾಣುತ್ತದೆ. ಸ್ಪರ್ಶ, ರೂಪ, ಗಂಧ, ರಸ ನಾಲ್ಕರಲ್ಲೂ ಪಾಸಾಗಿ, ವೀರ್ಯ ವಿಪಾಕಗಳಲ್ಲಿ ಕೆಡುವ ನೀರು ಅದು. ಉಗ್ರಾದಿತ್ಯನ ಕೊನೆಯ ಎರಡು ದೋಷಗಳನ್ನು ನಾನು ಅರಸೀಕೆರೆಯ ಮಕ್ಕಳ ಹಲ್ಲಿನ ಮೇಲೆ ಓದಿದ್ದೇನೆ. ಇಲ್ಲಿ ಹಳೆಯ ಚಿಕಿತ್ಸೆ ನಡೆಯುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ನಿಲ್ಲುವುದಿಲ್ಲ. ಚಿಲ್ಲದ ಬೀಜವನ್ನು ನಂಬಿ ಕೂರುವಂತಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. ‘ಕುದಿಸಿ ಆರಿಸಿ ಕುಡೀರಿ’ ಎಂಬ ಒಂದೇ ಸಲಹೆಯನ್ನು ಎಲ್ಲ ಊರಿಗೂ ಕೊಡುವ ವೈದ್ಯ ನೆಲದ ಪಾಠ ಓದಿಲ್ಲ ಎಂದೇ ಅರ್ಥ. ಪ್ರಯೋಗಾಲಯದ ಪರೀಕ್ಷೆ, ಆಮೇಲೆ ಶುದ್ಧ ನೀರಿನ ಘಟಕ ಅಥವಾ ನದಿನೀರು ಅಥವಾ ಮಳೆನೀರು, ಇಷ್ಟೇ ದಾರಿ.

ಮಳೆನೀರನ್ನು ಎಲ್ಲ ನೀರಿಗಿಂತ ಮೇಲೆ ಇಟ್ಟವರು ಈ ವೈದ್ಯರೇ. ನೆಲ ಮುಟ್ಟದ ನೀರಿಗೆ ನೆಲದ ದೋಷವಿಲ್ಲ ಎಂಬ ಅವರ ತರ್ಕ ಫ್ಲೋರೈಡಿಗೆ ಅಕ್ಷರಶಃ ಒಪ್ಪುತ್ತದೆ. ಹೊಯ್ಸಳರ ಕಾಲದ ಜನ ಈ ಮಾತನ್ನು ಕಲ್ಲಿನಲ್ಲಿ ಕಟ್ಟಿಟ್ಟಿದ್ದಾರೆ. ದೋರಸಮುದ್ರದ ಕೆರೆ ಮಳೆಯನ್ನು ಹಿಡಿದಿಟ್ಟಿತು. ಹತ್ತಿರದ ಹುಲಿಕೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೊಳಕ್ಕೆ ಸುತ್ತ ಚಿಕ್ಕ ಚಿಕ್ಕ ಗುಡಿಗಳನ್ನು ಕಟ್ಟಿ, ನೀರಿಗೆ ಇಳಿಯುವವರು ಹೊಲಸು ಮಾಡದಂತೆ ಮರ್ಯಾದೆಯ ಗೆರೆ ಎಳೆದರು. ಮೇಲಿನ ಪದರದ, ಬೇಗ ಬದಲಾಗುವ ನೀರು ಅದು. ಸಾವಿರ ಅಡಿ ಕೊರೆದು ತೆಗೆದ ನೀರಿನಂತೆ ಬಂಡೆಯ ಲವಣಗಳನ್ನು ಹೊತ್ತು ಬರುವಂಥದಲ್ಲ. ಕೆರೆ ತುಂಬಿದ ವರ್ಷ ಸುತ್ತಲ ಬಾವಿಗಳೂ ತುಂಬುತ್ತವೆ, ಹಳೆಯ ನೀರಿಗೆ ಹೊಸ ನೀರು ಬೆರೆಯುತ್ತದೆ. ಕೆರೆಯ ಹೂಳು ತೆಗೆಯುವುದು ಬೇಸಾಯದ ಕೆಲಸ ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಔಷಧಿ ಅಂಗಡಿಗೆ ಹೋಗುವ ದಾರಿಯನ್ನು ಕಡಿಮೆಮಾಡುವ ಕೆಲಸವೂ ಹೌದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಎರಡು. ನಿಮ್ಮ ಮನೆಯ ಕುಡಿಯುವ ನೀರನ್ನು ಒಂದು ಶುಭ್ರ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್, ಗಡಸುತನ, ನೈಟ್ರೇಟ್ ಎಷ್ಟಿದೆ ಎಂದು ಬರೆಸಿಕೊಳ್ಳಿ. ಮುಂಗಾರಿನ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಮಾಡಿಸಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಎರಡನೆಯದು, ವೈದ್ಯರ ಬಳಿ ಹೋದಾಗ, ಅವರು ಆಯುರ್ವೇದದವರಿರಲಿ ಅಲೋಪತಿಯವರಿರಲಿ, ಆ ಚೀಟಿಯನ್ನು ಜೊತೆಗೆ ಒಯ್ಯಿರಿ. ಅವರು ಕೇಳದಿದ್ದರೂ ಹೇಳಿ, ‘ನಾವು ಕುಡಿಯೋದು ಈ ನೀರು’ ಎಂದು.